ಕಂಪ್ಯೂಟರಿನಲ್ಲಿ ಬೈದದ್ದು

ರೈತರು ಕಂಪ್ಯೂಟರಿನಲ್ಲಿ ಮಾತಾಡಲು ಶುರು ಮಾಡಿದ ಮೇಲೆ ಇಂಥ ಎಡವಟ್ಟುಗಳು ಆಗುತ್ತಲೇ ಇದ್ದವು. ನಮ್ಮ ಗುಂಪಿನಲ್ಲಂತೂ ವಾರಕ್ಕೊಂದು. ನೆನೆಸಿಕೊಂಡರೆ ಇವತ್ತಿಗೂ ನಗು ಬರುತ್ತದೆ. ಆದರೆ ಅವುಗಳಲ್ಲಿ ಹೆಚ್ಚಿನವು ನನ್ನಿಂದಲೇ ಆದವು, ಹಾಗಾಗಿ ನಗು ಪೂರ್ತಿ ಬರುವುದಿಲ್ಲ, ಅರ್ಧಕ್ಕೇ ನಿಲ್ಲುತ್ತದೆ.

ಎರಡು ಸಾವಿರದ ಇಸವಿ ದಾಟಿದ ಕಾಲ. ನಾನು ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳನ್ನು ಅಳೆದು ಪಾಸು ಇಲ್ಲವೇ ರಿಜೆಕ್ಟ್ ಎಂದು ಬರೆಯುವ ಕೆಲಸದಲ್ಲಿದ್ದೆ. ಚನ್ನಪಟ್ಟಣದಲ್ಲಿ ಕೃಷಿ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರೊಬ್ಬರು ನಮ್ಮ ಸೀಮೆಯ ರೈತರಿಗಾಗಿ ಇಂಟರ್ನೆಟ್ಟಿನಲ್ಲಿ ಒಂದು ಗುಂಪು ಮಾಡಿದ್ದರು. ಯಾರು ಬೇಕಾದರೂ ಪ್ರಶ್ನೆ ಕೇಳಬಹುದು, ಯಾರು ಬೇಕಾದರೂ ಉತ್ತರ ಬರೆಯಬಹುದು. ನನ್ನ ಮೇಜಿನ ಮೇಲೆ ಕಂಪ್ಯೂಟರ್ ಇದ್ದದ್ದರಿಂದ, ಗುಂಪನ್ನು ನೋಡಿಕೊಳ್ಳುವ ಕೆಲಸದಲ್ಲಿ ನನಗೂ ಪಾಲು ಕೊಟ್ಟರು. ಬೇರೆ ಯಾವ ಅರ್ಹತೆಯೂ ನನಗಿರಲಿಲ್ಲ.

ಒಂದು ಅಕ್ಷರ ಹೆಚ್ಚು

ಆಗ ಕನ್ನಡ ಟೈಪ್ ಮಾಡುವುದು ಎಲ್ಲರಿಗೂ ಬರುತ್ತಿರಲಿಲ್ಲ. ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದೆವು.

ಮಾಗಡಿ ಕಡೆಯ ಒಬ್ಬರು ತಮ್ಮ ಅವರೆ ಹೊಲದ ಫೋಟೋ ಕಳಿಸಿ, ಬೆಳೆ ಹೇಗಿದೆ ನೋಡಿ ಹೇಳಿ ಎಂದು ಕೇಳಿದರು. ಪಾಪ, ಹೊಗಳಲಿ ಅಂತ ಕಳಿಸಿದ್ದರೇನೋ. ನಾನು ಕಣ್ಣು ಕಿರಿದು ಮಾಡಿ ನೋಡಿದೆ. ಎಲೆಗಳ ಮೇಲೆ ಸಣ್ಣ ಸಣ್ಣ ಕಪ್ಪು ಚುಕ್ಕೆ. ಗಿಡದ ರಸ ಹೀರುವ ಹೇನು ಅಂತ ಆ ಕ್ಷಣವೇ ತೀರ್ಮಾನ ಮಾಡಿ ಉತ್ತರ ಬರೆದೆ. ಬರೆಯುವ ಭರದಲ್ಲಿ 'ಎನ್' ಅಕ್ಷರವನ್ನು ಎರಡು ಸಲ ಒತ್ತಿದ್ದು ಗೊತ್ತಾಗಲಿಲ್ಲ.

ಅವರು ಅದರ ಪ್ರಿಂಟ್ ತೆಗೆಸಿಕೊಂಡು ಮನೆಗೆ ಹೋಗಿ, ಸ್ಕೂಲ್ ಟೀಚರ್ ಆಗಿದ್ದ ಹೆಂಡತಿಗೆ ಓದಲು ಕೊಟ್ಟರು. ಆಯಮ್ಮ ಗಟ್ಟಿಯಾಗಿ ಓದಿದರು:

"ನಿಮ್ಮ ಹೊಲದಲ್ಲಿ ಹೆಣ್ಣು ಇದೆ. ಫೋಟೋದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಎಲೆ ಮರೆಯಲ್ಲಿ ಅಡಗಿರುತ್ತದೆ, ಬೆಳಗ್ಗೆ ಬೇಗ ಹೋದರೆ ಸಿಗುತ್ತದೆ. ಇಷ್ಟು ದಿನ ಸುಮ್ಮನಿದ್ದದ್ದು ನಿಮ್ಮ ತಪ್ಪು. ಈಗಲೂ ಸುಮ್ಮನಿದ್ದರೆ ಅಕ್ಕಪಕ್ಕದ ಹೊಲಕ್ಕೂ ಹೋಗುತ್ತದೆ."

ಮೂರನೇ ದಿನ ನನಗೆ ಫೋನ್ ಬಂತು. "ಸಾರ್, ನೀವು ಏನ್ ಬರೆದ್ರೋ ಏನೋ, ಮನೇಲಿ ಒಲೆ ಹತ್ತಿಲ್ಲ. ಒಸಿ ನೀವೇ ಹೇಳ್ಬುಡಿ" ಅಂದವರೇ ಫೋನನ್ನು ಹೆಂಡತಿ ಕೈಗೆ ಕೊಟ್ಟರು. ನಾನು ತಡವರಿಸುತ್ತಾ, ಅದು ಹೆಣ್ಣಲ್ಲ ಮೇಡಂ, ಹೇನು, ಗಿಡಕ್ಕೆ ಬರುವ ಹೇನು ಅಂತ ವಿವರಿಸಿದೆ.

ಆಕೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕ್ಲಾಸಿನಲ್ಲಿ ಹೇಳುವ ಹಾಗೆ ನಿಧಾನವಾಗಿ ಹೇಳಿದರು. "ಬೆಳಗ್ಗೆ ಬೇಗ ಹೋಗಿ ನೋಡಿ ಅಂದಿದ್ರಿ. ಮೂರು ದಿನದಿಂದ ಕೋಲು ಹಿಡ್ಕೊಂಡು ಹೋಗಿ ನೋಡಿದೀನಿ. ಅಲ್ಲಿ ಹೆಣ್ಣೂ ಇಲ್ಲ, ಹೇನೂ ಇಲ್ಲ. ನೀವು ನೋಡಿದ್ದು ಸೈಬರ್ ಸೆಂಟರಿನ ಸ್ಕ್ಯಾನರ್ ಗಾಜಿನ ಮೇಲಿದ್ದ ಧೂಳು."

ಬಸ್ಸಿನಲ್ಲಿ ಅಕ್ಕಪಕ್ಕ

ಆ ಧೂಳಿನಿಂದ ನಾನು ಕಲಿಯಬೇಕಾದ್ದನ್ನು ಕಲಿಯಲಿಲ್ಲ. ತಪ್ಪು ಟೈಪಿಂಗಿನದು ಅಂದುಕೊಂಡು ಕನ್ನಡ ಟೈಪಿಂಗ್ ಕಲಿತೆ.

ಅದೇ ಸುಮಾರಿಗೆ ಗುಂಪಿನಲ್ಲಿ ಇಬ್ಬರ ನಡುವೆ ರಾಗಿಯ ವಿಷಯಕ್ಕೆ ದೊಡ್ಡ ಜಗಳ ಹತ್ತಿಕೊಂಡಿತು. ಇಬ್ಬರೂ ಸ್ವಂತ ಹೆಸರು ಹಾಕುತ್ತಿರಲಿಲ್ಲ. ಒಬ್ಬರು 'ಮಣ್ಣಿನ ಮಗ', ಇನ್ನೊಬ್ಬರು 'ನೇಗಿಲು'. ರಾಗಿಯನ್ನು ಕೂರಿಗೆಯಲ್ಲೇ ಬಿತ್ತಬೇಕು ಅಂತ ಮಣ್ಣಿನ ಮಗ. ಇಲ್ಲ, ಪೈರು ಮಾಡಿ ನಾಟಿ ಹಾಕಿದರೇ ತೆನೆ ಅಂತ ನೇಗಿಲು. ಮೊದಮೊದಲು ರಾಗಿಯ ಬಗ್ಗೆ ಇದ್ದದ್ದು ಆಮೇಲೆ ಒಬ್ಬರ ಬುದ್ಧಿಯ ಬಗ್ಗೆ ಇನ್ನೊಬ್ಬರು ಬರೆಯುವವರೆಗೆ ಹೋಯಿತು. ಮೇಷ್ಟ್ರು ಸಮಾಧಾನ ಹೇಳಿ ಹೇಳಿ ಸೋತರು.

ಕನಕಪುರದಿಂದ ಹಾರೋಹಳ್ಳಿಗೆ ನಾನು ಹೋಗುತ್ತಿದ್ದ ಬಸ್ಸಿನಲ್ಲಿ ಇಬ್ಬರು ಗೆಳೆಯರು ದಿನಾ ಒಂದೇ ಸೀಟಿನಲ್ಲಿ ಕೂರುತ್ತಿದ್ದರು. ಬೇರೆ ಬೇರೆ ಕಾರ್ಖಾನೆ, ಒಂದೇ ಶಿಫ್ಟು. ಒಂದು ದಿನ ಅವರ ಹಿಂದಿನ ಸೀಟು ಸಿಕ್ಕಿತು. ಒಬ್ಬರು ಹೇಳುತ್ತಿದ್ದರು: "ನಮ್ ಆಫೀಸ್ ಕಂಪ್ಯೂಟರ್‌ನಾಗೆ ಒಬ್ಬ ತರಲೆ ಸಿಕ್ಕವ್ನೆ ಕಣ್ಲಾ. ರಾಗಿ ನಾಟಿ ಹಾಕೋದ್ರ ಬಗ್ಗೆ ಏನೂ ಗೊತ್ತಿಲ್ಲ, ಬರೀ ಬಾಯಿ."

ಇನ್ನೊಬ್ಬರು, "ನಂಗೂ ಅಂಥೋನೇ ಒಬ್ಬ ಸಿಕ್ಕವ್ನೆ. ಬುಡಬ್ಯಾಡ ಅವ್ನ್ನ. ಇವತ್ತು ಹಿಂಗೆ ಬರಿ" ಅಂತ ಒಂದು ಖಾರವಾದ ಮಾತು ಹೇಳಿಕೊಟ್ಟರು.

ಮಧ್ಯಾಹ್ನ ಗುಂಪು ತೆರೆದರೆ ಅದೇ ಮಾತು, ಅಕ್ಷರ ಅಕ್ಷರ ಹಾಗೇ, ನೇಗಿಲಿನವರಿಂದ ಮಣ್ಣಿನ ಮಗನಿಗೆ. ಅಂದರೆ ಮಣ್ಣಿನ ಮಗ ತನಗೆ ಬೀಳಬೇಕಾದ ಬೈಗುಳವನ್ನು ಬಸ್ಸಿನಲ್ಲಿ ತಾನೇ ಹೇಳಿಕೊಟ್ಟಿದ್ದರು.

ಬಾಯಿ ಮುಚ್ಚಿಕೊಂಡಿದ್ದರೆ ಅವರ ಪಾಡಿಗೆ ಅವರು ಇರುತ್ತಿದ್ದರು. ನಾನು ಇದನ್ನು ಹೇಳಿದರೆ ಇಬ್ಬರೂ ಬಿದ್ದು ಬಿದ್ದು ನಗುತ್ತಾರೆ, ಜಗಳ ತೀರುತ್ತದೆ, ಮೇಷ್ಟ್ರು ನನ್ನ ಬೆನ್ನು ತಟ್ಟುತ್ತಾರೆ ಅಂದುಕೊಂಡೆ. ಮಾರನೇ ದಿನ ಬಸ್ಸಿನಲ್ಲಿ ಎದ್ದು ನಿಂತು, ಮಣ್ಣಿನ ಮಗ ಯಾರು, ನೇಗಿಲು ಯಾರು ಅಂತ ಇಬ್ಬರಿಗೂ ಪರಿಚಯ ಮಾಡಿಕೊಟ್ಟೆ.

ಇಬ್ಬರೂ ನಗಲಿಲ್ಲ. ಒಬ್ಬರು ಕಿಟಕಿಯಾಚೆ ನೋಡಿದರು, ಇನ್ನೊಬ್ಬರು ಊಟದ ಡಬ್ಬಿ ನೋಡಿಕೊಂಡರು. ಮಾರನೇ ದಿನದಿಂದ ಒಬ್ಬರು ಮುಂದಿನ ಬಾಗಿಲಲ್ಲಿ ಹತ್ತಿದರೆ ಇನ್ನೊಬ್ಬರು ಹಿಂದಿನ ಬಾಗಿಲಲ್ಲಿ. ಗುಂಪಿನಲ್ಲೂ ಇಬ್ಬರ ಸದ್ದಿಲ್ಲ.

ನಾಲ್ಕು ದಿನ ನೋಡಿದ ಕಂಡಕ್ಟರ್ ನನ್ನನ್ನು ಕೇಳಿದ: "ಏನ್ ಸಾರ್, ಅವ್ರಿಬ್ಬರ್ಗೂ ಏನು ತಕರಾರು?"

"ರಾಗಿ ಹೊಲದ್ದು."

"ಎಲ್ಲೈತೆ ಸಾರ್ ಅವ್ರ ಹೊಲ?"

ಬಸ್ಸು ಆಗ ಇಂಡಸ್ಟ್ರಿಯಲ್ ಏರಿಯಾ ಪಕ್ಕದಲ್ಲಿ ಹೋಗುತ್ತಿತ್ತು. ಎರಡಾಳೆತ್ತರದ ಕಾಂಪೌಂಡ್ ಗೋಡೆ ತೋರಿಸಿ ಹೇಳಿದೆ: "ಇಬ್ಬರದೂ ಅದರ ಒಳಗಡೆ. ಹೋಗಿ ಐದಾರು ವರ್ಷ ಆಯ್ತು."

ನಮ್ಮಪ್ಪನ ಹೊಲವೂ ಅದೇ ಗೋಡೆಯ ಒಳಗಿತ್ತು.

ಅಳೆಯದೆ ರಿಜೆಕ್ಟ್

ಕನಕಪುರದ ಆಚೆ ಒಂದು ಹಳ್ಳಿಯಲ್ಲಿ ರೇಷ್ಮೆ ಹುಳ ಸಾಕುವ ಒಬ್ಬ ಹೆಂಗಸಿದ್ದರು. ವಯಸ್ಸು ಐವತ್ತರ ಆಸುಪಾಸು. ಅವರಿಗೆ ಕಂಪ್ಯೂಟರ್ ಬರುತ್ತಿರಲಿಲ್ಲ. ಸಂತೆಯ ದಿನ ಕನಕಪುರಕ್ಕೆ ಬಂದು ಸೈಬರ್ ಅಂಗಡಿಯಲ್ಲಿ ಕೂತು ಬಾಯಲ್ಲಿ ಹೇಳುತ್ತಿದ್ದರು, ಅಂಗಡಿಯಾತ ಟೈಪ್ ಮಾಡುತ್ತಿದ್ದ. ಗುಂಪಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಬರೆಯುತ್ತಿದ್ದವರು ಅವರೇ.

ಒಂದು ಸಲ ಅವರು ಬರೆಸಿದರು: ರಸ್ತೆಯಲ್ಲಿ ಕಾರ್ಖಾನೆ ಲಾರಿಗಳು ಜಾಸ್ತಿಯಾದ ಮೇಲೆ ರಸ್ತೆ ಕಡೆಯ ಸಾಲಿನ ಹಿಪ್ಪುನೇರಳೆ ಸೊಪ್ಪು ತಿಂದ ಹುಳ ಸಾಯುತ್ತಿವೆ, ಒಳಗಿನ ಸಾಲಿನ ಸೊಪ್ಪು ತಿಂದವು ಚೆನ್ನಾಗಿವೆ. ಬೇರೆಯವರಿಗೂ ಹೀಗೆ ಆಗಿದೆಯಾ?

ಎಷ್ಟು ನೇರವಾದ ಪ್ರಶ್ನೆ. ನನಗೆ ಮಾತ್ರ 'ಕಾರ್ಖಾನೆ' ಅನ್ನುವ ಒಂದು ಪದವೇ ಕಣ್ಣಿಗೆ ಹೊಡೆಯಿತು. ನಾನು ಅನ್ನ ತಿನ್ನುವ ಜಾಗವನ್ನು ದೂರಿದರು ಅನ್ನಿಸಿತು. ಹೊಲ ಕೊಟ್ಟು ಕೆಲಸಕ್ಕೆ ಸೇರಿದವನಿಗೆ, ಆ ಕೊಟ್ಟದ್ದು ತಪ್ಪು ಅಂತ ಯಾರಾದರೂ ಅಂದಂತಾದರೆ ಎಲ್ಲಿಲ್ಲದ ಸಿಟ್ಟು ಬರುತ್ತದೆ. ಆಗ ಇದು ನನಗೆ ತಿಳಿದಿರಲಿಲ್ಲ.

ಒಂದು ಪುಟ ಬರೆದೆ. "ಎಲ್ಲಕ್ಕೂ ಕಾರ್ಖಾನೆಯನ್ನು ದೂರುವುದು ಸುಲಭ. ಹುಳ ಸಾಯುವುದು ಮನೆಯ ಕೊಳೆಯಿಂದ. ಮೊದಲು ಕೈಕಾಲು ತೊಳೆದು ಹುಳದ ಮನೆಗೆ ಹೋಗುವುದನ್ನು ಕಲಿಯಿರಿ. ಆಮೇಲೆ ಪುಸ್ತಕ ಓದಿ. ಆಮೇಲೆ ಗುಂಪಿಗೆ ಬರೆಯಿರಿ." ನಾಲ್ಕೈದು ಜನ ಭೇಷ್ ಅಂದರು. ನಾನು ಇನ್ನೊಂದು ಟೀ ತರಿಸಿಕೊಂಡೆ.

ಆಕೆ ಮತ್ತೆ ಬರೆಯಲಿಲ್ಲ. ಗುಂಪಿನಿಂದಲೇ ಹೆಸರು ತೆಗೆಸಿದರು.

ಮೇಷ್ಟ್ರು ಫೋನ್ ಮಾಡಿದರು. ಬೈಯಲಿಲ್ಲ. "ಏನಪ್ಪಾ, ನಿಮ್ಮ ಫ್ಯಾಕ್ಟರೀಲಿ ಅಳೆಯದೆ ರಿಜೆಕ್ಟ್ ಮಾಡ್ತೀಯಾ?"

"ಇಲ್ಲ ಮೇಷ್ಟ್ರೇ. ಎರಡು ಸಲ ಅಳೀತೀವಿ."

"ನಾನು ವಿಚಾರಿಸಿದೆ. ಆಯಮ್ಮ ಒಂದೇ ಮನೇಲಿ ಎರಡು ತಟ್ಟೇಲಿ ಹುಳ ಇಟ್ಟು, ಒಂದಕ್ಕೆ ರಸ್ತೆ ಕಡೆ ಸೊಪ್ಪು, ಒಂದಕ್ಕೆ ಒಳಗಡೆ ಸೊಪ್ಪು ಹಾಕಿ, ಎರಡು ಸಲ ಸಾಕಿ ನೋಡಿದಾರೆ. ಮನೆ ಕೊಳೆ ಇದ್ರೆ ಎರಡೂ ಸಾಯ್ಬೇಕಿತ್ತು. ನೀನು ಎಷ್ಟು ಹುಳ ಸಾಕಿ ನೋಡಿದೀಯಾ?"

ನಾನು ಸಾಕಿದ್ದ ಒಂದೇ ಹುಳ ನನ್ನ ತಲೆಯೊಳಗಿತ್ತು.

ಕ್ಷಮಾಪಣೆ ವಾಪಸ್

ಎರಡು ದಿನ ಒದ್ದಾಡಿ ಗುಂಪಿಗೆ ಒಂದು ಕ್ಷಮಾಪಣೆ ಬರೆದೆ. ನನ್ನನ್ನು ನಾನೇ ಚೆನ್ನಾಗಿ ಬೈದುಕೊಂಡೆ. ಮೂರ್ಖ ಅಂದೆ, ಅಹಂಕಾರಿ ಅಂದೆ, ಮಣ್ಣು ಮುಟ್ಟದ ದಡ್ಡ ಅಂದೆ. ಕಳಿಸುವ ಮೊದಲು ಮೇಷ್ಟ್ರಿಗೆ ತೋರಿಸಿದೆ.

ಅವರು ಕೆಂಪು ಅಕ್ಷರದಲ್ಲಿ ಗುರುತು ಹಾಕಿ ವಾಪಸ್ ಕಳಿಸಿದರು. "ಗುಂಪಿನ ಸದಸ್ಯರನ್ನು ಮೂರ್ಖ, ದಡ್ಡ ಎನ್ನಬಾರದೆಂದು ನಿಯಮವಿದೆ. ನೀನೂ ಸದಸ್ಯನೇ."

ತಿದ್ದಿ ತಿದ್ದಿ ಕೊನೆಗೆ ಉಳಿದದ್ದು ಎರಡು ಸಾಲು. ಅದನ್ನು ಹಾಕಿದೆ. ಎಲ್ಲರೂ ಓದಿ, ದೊಡ್ಡ ಮನಸ್ಸು ಅಂತ ನನ್ನನ್ನೇ ಹೊಗಳಿದರು. ಓದಬೇಕಾದವರೊಬ್ಬರು ಮಾತ್ರ ಗುಂಪಿನಲ್ಲಿರಲಿಲ್ಲ.

ಊಟಕ್ಕೆ ಕರೆದರು

ಕೊನೆಗೆ ಒಂದು ಭಾನುವಾರ ಮೇಷ್ಟ್ರು ನನ್ನನ್ನು ಹುಳ ಸಾಕುವ ಆ ಹೆಂಗಸಿನ ಮನೆಗೆ ಕರೆದುಕೊಂಡು ಹೋದರು. "ನಮ್ಮ ಹುಡುಗ, ಕೃಷೀಲಿ ಆಸಕ್ತಿ" ಅಂತ ಪರಿಚಯ ಹೇಳಿದರು. ಗುಂಪಿನಲ್ಲಿ ನಾನು ಬರೆಯುತ್ತಿದ್ದದ್ದು ಬೇರೆ ಹೆಸರಿನಲ್ಲಿ. ಹೇಗಾದರೂ ಸಮಯ ನೋಡಿ ಹೇಳೋಣ ಅಂತ ನಾನೂ ಸುಮ್ಮನಾದೆ.

ಹುಳದ ಮನೆ ನೋಡಲು ಹೋದೆವು. ಬಾಗಿಲಲ್ಲೇ ತಡೆದು, ಬ್ಲೀಚಿಂಗ್ ಪುಡಿ ಹಾಕಿದ ನೀರಿನಲ್ಲಿ ಕಾಲು ತೊಳೆಸಿದರು. ಕೈ ಚಾಚಿಸಿ ಉಗುರು ನೋಡಿದರು. ಮೇಷ್ಟ್ರನ್ನು ಒಳಗೆ ಬಿಟ್ಟರು, ನನ್ನನ್ನು ಇನ್ನೊಂದು ಸಲ ತೊಳೆದುಕೊಂಡು ಬಾ ಅಂದರು. ಒಳಗೆ ನೆಲ ನಮ್ಮ ಕಾರ್ಖಾನೆಯ ಕ್ಯಾಂಟೀನಿಗಿಂತ ಸ್ವಚ್ಛವಾಗಿತ್ತು. ಹುಳಗಳು ಸೊಪ್ಪು ತಿನ್ನುವ ಸದ್ದು ಸಣ್ಣ ಮಳೆಯ ಹಾಗೆ ಕೇಳುತ್ತಿತ್ತು. ರಸ್ತೆ ಕಡೆಯ ಸಾಲುಗಳನ್ನು ಮೇಕೆಗೆ ಬಿಟ್ಟಿದ್ದರು. ಅಷ್ಟು ಸೊಪ್ಪು ಹೋದ ಮೇಲೆ ಹುಳ ಸಾಕುವುದನ್ನೂ ಕಮ್ಮಿ ಮಾಡಿದ್ದರು.

ಊಟಕ್ಕೆ ಕೂತೆವು. ಮುದ್ದೆ, ಹುರುಳಿಕಾಳು ಬಸ್ಸಾರು. ನಾನು ಮೊದಲ ತುತ್ತು ನುಂಗುವಾಗ ಆಕೆ ಶುರು ಮಾಡಿದರು.

"ಆ ಗುಂಪ್ನಾಗೆ ಒಬ್ಬ ಅವ್ನೆ ಮೇಷ್ಟ್ರೇ. ನಂಗೆ ಕೈಕಾಲು ತೊಳ್ಕಳಾದು ಕಲ್ಸಾಕೆ ಬಂದವ್ನು. ಸಂತೆ ದಿನ, ಅಂಗಡಿ ತುಂಬಾ ಜನ. ಅಂಗಡಿಯಾತ ಅವ್ನು ಬರ್ದಿದ್ದನ್ನ ಗಟ್ಟಿಯಾಗಿ ಓದ್ತಾವ್ನೆ. ಓದ್ತಾ ಓದ್ತಾ ಅವ್ನ ದನಿ ಸಣ್ಣಗಾಯ್ತು. 'ಮುಂದಕ್ಕೆ ಓದ್ಲಾ ಬ್ಯಾಡ್ವಾ ಅಕ್ಕಾ' ಅಂದ. 'ಬಸ್ ಹಿಡ್ಕಂಡು ಬಂದಿವ್ನಿ, ಪೂರ್ತಿ ಓದಪ್ಪಾ' ಅಂದೆ."

ನಾನು ಬರೆದದ್ದನ್ನು ಅಷ್ಟು ಜನರ ಮುಂದೆ ಹಾಗೆ ಗಟ್ಟಿಯಾಗಿ ಓದಿರುತ್ತಾರೆ ಅನ್ನುವುದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ತುತ್ತು ನೆತ್ತಿಗೇರಿ ಕೆಮ್ಮಿದೆ. ಆಕೆ ಒಂದು ಚೊಂಬು ನೀರು ಮುಂದಿಟ್ಟು ಮುಂದುವರಿಸಿದರು. ಅವನ ಓದು, ಅವನ ಬುದ್ಧಿ, ಅವನನ್ನು ಬೆಳೆಸಿದ ರೀತಿ, ಒಂದನ್ನೂ ಬಿಡಲಿಲ್ಲ. ನಡುನಡುವೆ ನನ್ನ ಕಡೆ ತಿರುಗಿ, "ನೀನೇ ಹೇಳಪ್ಪಾ, ಓದಿದೋನು ಅಂಗೆ ಬರೀತಾನಾ?" ಅಂತ ಕೇಳುತ್ತಿದ್ದರು. ನಾನು, "ಇಲ್ಲ ಅಕ್ಕಾ, ಬರೆಯಲ್ಲ" ಅನ್ನುತ್ತಿದ್ದೆ. ಮೇಷ್ಟ್ರು ನನ್ನ ಕಡೆ ನೋಡದೆ ಊಟ ಮಾಡುತ್ತಿದ್ದರು.

ಎರಡನೇ ಮುದ್ದೆ ಮುಗಿಯುವ ಹೊತ್ತಿಗೆ ಆಕೆ ಮಾತು ನಿಲ್ಲಿಸಿದರು. ನನಗೆ ಇನ್ನು ತಡೆಯಲಾಗಲಿಲ್ಲ.

"ಅಕ್ಕಾ, ಅದು ನಾನೇ. ತಪ್ಪಾಯ್ತು."

"ಗೊತ್ತು ಕಣಪ್ಪಾ. ಮೇಷ್ಟ್ರು ನೆನ್ನೇನೇ ಫೋನ್ ಮಾಡಿದ್ರು."

"ಮತ್ತೆ ಊಟ ಯಾಕೆ ಹಾಕಿದ್ರಿ?"

"ಹಸ್ಕಂಡು ಬಂದೋರ್ಗೆ ಬರೀ ಹೊಟ್ಟೇಲಿ ಬೈಯಾಕಾಯ್ತದಾ? ಇನ್ನೊಸಿ ಸಾರು ಬಿಡ್ಲಾ?"

ಸಾರು ಬಡಿಸಿಕೊಂಡೆ. ಗುಂಪಿಗೆ ಮತ್ತೆ ಬನ್ನಿ ಅಕ್ಕಾ, ನಿಮ್ಮಂಥವರು ಬರೆಯದಿದ್ದರೆ ನಷ್ಟ ನಮಗೇ ಅಂತ ಕೇಳಿಕೊಂಡೆ. ಆಕೆ ಬರಲ್ಲ ಅಂದರು. ಸಿಟ್ಟಿನಿಂದಲ್ಲ, ಸುಮ್ಮನೆ ಅಂದರು. ಅಂದ ಹಾಗೆಯೇ ಆಮೇಲೆ ಒಂದು ಸಾಲೂ ಬರೆಸಲಿಲ್ಲ. ಅದು ಇವತ್ತಿಗೂ ನನಗೆ ಚುಚ್ಚುತ್ತದೆ.

"ಅಲ್ಲಿ ಬೈಯೋನ್ಗೆ ಬೈಸ್ಕಳೋರ ಮೊಕ ಕಾಣಾಕಿಲ್ಲ ಕಣಪ್ಪಾ" ಅಂದರು ಆಕೆ, ಎಲೆಗೆ ಮಜ್ಜಿಗೆ ಬಿಡುತ್ತಾ. "ಇಲ್ಲಿ ನಿನ್ ಮೊಕ ನಂಗೆ ಕಾಣ್ತಿತ್ತು. ಪಾಪ ಅನ್ನಿಸ್ತು, ಎರಡ್ನೇ ಮುದ್ದೆಗೆ ನಿಲ್ಲಿಸ್ಬುಟ್ಟೆ. ನಿಮ್ ಮೇಷ್ಟ್ರು ಮಾತ್ರ ಇನ್ನೂ ಬೈಯಿ, ಇನ್ನೂ ಬೈಯಿ ಅಂತ ಕಣ್ ಸನ್ನೆ ಮಾಡ್ತಾನೇ ಇದ್ರು."