ಎಲ್ಲರೂ ಒಂದನೇ ನಂಬರ್

ಒಂದಾದ ಮೇಲೆ ಎರಡು ಬರುತ್ತದೆ ಎನ್ನುವುದು ಲೋಕಕ್ಕೆಲ್ಲ ಗೊತ್ತು. ಆ ಬಟ್ಟೆ ಗಿರಣಿಯಲ್ಲಿ ಮಾತ್ರ ಅದನ್ನು ಒಪ್ಪುವವರು ಒಬ್ಬರೂ ಇರಲಿಲ್ಲ. ರಾದ್ಧಾಂತ ಶುರುವಾದದ್ದು ಅಲ್ಲಿಂದಲೇ.

ಗಿರಣಿಗೆ ಮೂರು ಕಟ್ಟಡ: ನೂಲಿನ ಶೆಡ್ಡು, ಬಣ್ಣದ ಶೆಡ್ಡು, ಆಫೀಸು. ಒಂದೊಂದಕ್ಕೂ ಒಂದು ಫೈರ್ ಅಲಾರಂ ಪ್ಯಾನೆಲ್ಲು. ಒಂದು ಬಾಯಿ ಬಡಿದುಕೊಂಡರೆ ಮಿಕ್ಕೆರಡು ಮಾತು ಬಿಟ್ಟ ದಾಯಾದಿಗಳಂತೆ ಸುಮ್ಮನಿರುತ್ತಿದ್ದವು. ಮೂರನ್ನೂ ಒಂದು ತಂತಿಗೆ ಪೋಣಿಸಿ, ಎಲ್ಲಿ ಹೊಗೆಯೆದ್ದರೂ ಮೂರೂ ಕೂಗುವಂತೆ, ಯಾವ ಕಟ್ಟಡ ಎಂದು ಮೂರೂ ತೋರಿಸುವಂತೆ ಮಾಡುವ ಕೆಲಸ ಎಲೆಕ್ಟ್ರಿಷಿಯನ್ನನ ತಲೆಗೆ ಬಿದ್ದಿತ್ತು. ಎಲ್ಲರ ಬಾಯಲ್ಲೂ ಅವನು ಫ್ಯೂಸಣ್ಣ.

ಮಧ್ಯಾಹ್ನ ಇನ್‌ಸ್ಪೆಕ್ಟರು ಬರುವವರಿದ್ದರು. "ಇದು ಪಾಸಾದ್ರೆ ನಿನ್ನ ಟ್ರಾನ್ಸ್‌ಫರ್ ಇವತ್ತೇ" ಎಂದಿದ್ದರು ಮ್ಯಾನೇಜರು. ಹೆಂಡತಿ, ಮಗಳು ಇರುವ ಊರಿನ ಗಿರಣಿಗೆ! ಈಚೆಗೆ ಅವನು ಫೋನು ಮಾಡಿದರೆ ಮಗಳು, "ಅಮ್ಮಾ, ಯಾರೋ ಮಾಮ" ಎನ್ನುವ ಮಟ್ಟಕ್ಕೆ ಬಂದಿದ್ದಳು.

ತಂತಿ ಎಳೆದಾಗಿತ್ತು. ಪ್ಯಾನೆಲ್ಲುಗಳಿಗೆ ಬೇರೆ ಬೇರೆ ನಂಬರು ಕೊಡಬೇಕಿತ್ತು. ಆಫೀಸಿಗೆ ಒಂದು, ಬಣ್ಣಕ್ಕೆ ಎರಡು, ನೂಲಿಗೆ ಮೂರು ಎಂದು ಕೊಟ್ಟ. ಆ ಕ್ಷಣವೇ ಬೆಂಕಿ ಹತ್ತಿತು, ಅಲಾರಂ ಮಾತ್ರ ಕೂಗಲಿಲ್ಲ.

"ಏನಯ್ಯಾ, ನೂಲಿಲ್ದೆ ಬಟ್ಟೆ ಆಕಾಶದಿಂದ ಬೀಳುತ್ತಾ? ನಾವು ಮೂರನೇ ದರ್ಜೆನಾ?" ಎಂದ ನೂಲಿನ ಮೇಸ್ತ್ರಿ.

"ಬೆಂಕಿ ಬಿದ್ರೆ ಮೊದಲು ನಮ್ಮಲ್ಲೇ ಬೀಳೋದು. ಆ ಮರ್ಯಾದೆ ಯಾರಿಗೂ ಬಿಟ್ಟುಕೊಡಲ್ಲ!" ಎಂದ ಬಣ್ಣದ ಮೇಸ್ತ್ರಿ.

ಆಫೀಸಿನ ಲೆಕ್ಕದಮ್ಮ ಮೆಲ್ಲಗೆ, "ಆಫೀಸಿನ ನಂಬರ್ ಮುಟ್ಟಿ ನೋಡಪ್ಪಾ. ನಿನ್ನ ಸಂಬಳ ಈ ಕೈ ದಾಟಿಯೇ ಬರೋದು" ಎಂದರು.

ಮ್ಯಾನೇಜರಿಗೆ ಯಾರಿಗೂ 'ಇಲ್ಲ' ಎಂದು ಹೇಳಿ ಅಭ್ಯಾಸವಿರಲಿಲ್ಲ. "ಮೂವರಿಗೂ ಒಂದನೇ ನಂಬರ್ ಕೊಟ್ಬಿಡೋ."

"ಸಾರ್, ಮೂರು ಮಕ್ಕಳಿಗೂ ಒಂದೇ ಹೆಸರಿಟ್ಟ ಹಾಗಾಗುತ್ತೆ. ಯಾರು ಯಾರು ಅಂತ ಪ್ಯಾನೆಲ್ಲಿಗೇ ಗೊತ್ತಾಗಲ್ಲ."

"ಇಲ್ಲಿ ಯಾರು ಏನು ಮಾಡ್ತಾರೆ ಅಂತ ನನಗೇ ಇನ್ನೂ ಗೊತ್ತಿಲ್ಲ. ಗಿರಣಿ ನಡೀತಿಲ್ವಾ?"

ಫ್ಯೂಸಣ್ಣ ತಲೆ ಕೆರೆದುಕೊಂಡ. ಪ್ಯಾನೆಲ್ಲಿನ ಒಳಗಿನ ನಂಬರು ಬೇರೆ, ಪರದೆಯಲ್ಲಿ ಕಾಣುವ ಹೆಸರು ಬೇರೆ. ಒಳಗಿನದನ್ನು ಹಾಗೇ ಬಿಟ್ಟು, ಪರದೆಗೆ ಮಾತ್ರ ಮೂರು ಕಟ್ಟಡಕ್ಕೂ 'ಬ್ಲಾಕ್ ಒಂದು' ಎಂದು ಬರೆದ. ಮೇಸ್ತ್ರಿಗಳಿಬ್ಬರೂ ನೋಡಿ ಮೀಸೆ ತಿರುವಿದರು. ಲೆಕ್ಕದಮ್ಮ ಕನ್ನಡಕ ಏರಿಸಿಕೊಂಡರು.

ಇನ್‌ಸ್ಪೆಕ್ಟರು ಬಂದವರೇ ಬಣ್ಣದ ಶೆಡ್ಡಿನಲ್ಲಿ ಏಣಿ ಹತ್ತಿ, ಚಾವಣಿಯ ಡಿಟೆಕ್ಟರಿಗೆ ಪುಸ್ಸೆಂದು ಹೊಗೆ ಬಿಟ್ಟರು. ಮೂರೂ ಪ್ಯಾನೆಲ್ಲು ಒಟ್ಟಿಗೆ ಅರಚಿದವು: 'ಬ್ಲಾಕ್ ಒಂದು, ಬೆಂಕಿ!'

ಎಲ್ಲಿ ಬೆಂಕಿ ಎಂದು ಆಫೀಸಿನ ಪ್ಯಾನೆಲ್ಲು ನೋಡಿ ಹೇಳು ಎಂದು ಇನ್‌ಸ್ಪೆಕ್ಟರು ಕೇಳಿದರೆ ಏನು ಗತಿ? ಏಣಿ ಹಿಡಿದಿದ್ದ ಫ್ಯೂಸಣ್ಣ ಕಣ್ಣು ಮುಚ್ಚಿಕೊಂಡ.

ಯಾರೂ ಕೇಳಲಿಲ್ಲ. ಎಂದೂ ಅಲಾರಮ್ಮಿಗೆ ತಲೆಯೆತ್ತಿ ನೋಡದಿದ್ದ ಗಿರಣಿ ಅಂದು ಜೇನುಗೂಡಿಗೆ ಕಲ್ಲು ಬಿದ್ದಂತೆ ಎದ್ದಿತು. ಪ್ರತಿಯೊಬ್ಬರಿಗೂ ಬೆಂಕಿ ತಮ್ಮ ಬುಡಕ್ಕೇ ಬಿದ್ದಿತ್ತಲ್ಲ! ಊಟದ ಡಬ್ಬಿ ಅಪ್ಪಿಕೊಂಡು ನೂಲಿನ ಮೇಸ್ತ್ರಿ ಓಡಿದ. ಎರಡು ಮೆಟ್ಟಿಲನ್ನು ಒಂದಾಗಿ ಹಾರುತ್ತ, ಮಂಡಿನೋವಿನ ಲೆಕ್ಕದಮ್ಮ ಅವನನ್ನೂ ಹಿಂದೆ ಹಾಕಿದರು.

ಇನ್‌ಸ್ಪೆಕ್ಟರು ಗಡಿಯಾರ ನೋಡಿ ಬೆರಗಾದರು. "ನನ್ನ ಸರ್ವೀಸಿನಲ್ಲೇ ಇಷ್ಟು ಬೇಗ ಖಾಲಿಯಾದ ಗಿರಣಿ ನೋಡಿಲ್ಲ. ಪಾಸ್! ಇಂಥ ಕೆಲಸಗಾರನ್ನ ಬಿಟ್ಟುಕೊಡಬೇಡಿ ಸ್ವಾಮಿ."

"ಬಿಡ್ತೀನಾ ಸಾರ್!" ಮ್ಯಾನೇಜರು ಫ್ಯೂಸಣ್ಣನ ಹೆಗಲ ಮೇಲೆ ಕೈಹಾಕಿದರು. "ನಿನ್ನ ಟ್ರಾನ್ಸ್‌ಫರ್ ಕ್ಯಾನ್ಸಲ್ ಕಣೋ. ಅಲ್ಲಿಗೆ ಸ್ಟೋರಿನವನನ್ನ ಸಾಗಹಾಕ್ತೀನಿ. ಜನ್ಮದಲ್ಲಿ ಒಂದು ಬಲ್ಬು ಹಾಕಿದವನಲ್ಲ ಅವನು."

ಮೂರಕ್ಕೂ ಒಂದೇ ಹೆಸರೆಂಬ ನಿಜ ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಊರು ಹೋಗುತ್ತದೆ. ಅಷ್ಟರಲ್ಲಿ ಫ್ಯೂಸಣ್ಣನ ಜೇಬಿನಲ್ಲಿ ಫೋನು ರಿಂಗಾಯಿತು.

"ಏನ್ರೀ, ಪಾಸಾಯ್ತಾ?" ಹೆಂಡತಿಯ ದನಿಯಲ್ಲಿ ಸಡಗರ.

"ಆಯ್ತು ಕಣೆ."

"ಸದ್ಯ! ಹಾಗಾದ್ರೆ ಯಾವಾಗ ಬರ್ತೀರಾ?"

ಫ್ಯೂಸಣ್ಣ ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತ. "ಸ್ವಲ್ಪ ಜಾಸ್ತಿನೇ ಪಾಸಾಗ್ಬಿಡ್ತು ಕಣೆ."