ಔರಾದ್ ಗೋಲಿನಲ್ಲಿ ನಮ್ಮ ಅತ್ತಿ

ನಮ್ಮ ಅತ್ತಿಯನ್ನು ಕರೆದೊಯ್ಯಲು ಯಮಧರ್ಮನೇ ಬಂದರೂ ಆಕೆ ಮೊದಲು ನೋಡುವುದು ಅವನ ಮುಖವನ್ನಲ್ಲ, ಅವನ ಕೋಣ ಗೆರೆ ದಾಟಿ ನಿಂತಿದೆಯೋ ಇಲ್ಲವೋ ಎಂಬುದನ್ನು! ದಾಟಿದ್ದರೆ ಸೀಟಿ ಊದಿ ಹಿಂದಕ್ಕೆ ಕಳಿಸುತ್ತಾಳೆ. ಹೀಗೆ ಆಕೆ ನೂರು ವರ್ಷ ಬದುಕಿಬಿಟ್ಟರೆ ನಮಗೆ ಆಶ್ಚರ್ಯವೇನೂ ಇಲ್ಲ. ಸ್ವಲ್ಪ ಭಯ ಅದೆ, ಅಷ್ಟೆ.

ಅತ್ತಿ ಅಂದರೆ ನಮ್ಮಪ್ಪನ ಅಕ್ಕ. ಔರಾದ್‌ನ ಸಾಲಿಯೊಂದರಲ್ಲಿ ಆಟದ ಟೀಚರ್ ಆಗಿದ್ದು, ನಿವೃತ್ತಳಾಗಿ ಬೀದರಿಗೆ ಬಂದವಳು. ನೌಕರಿ ಬಿಟ್ಟರೂ ಕೊರಳಿನ ಸೀಟಿ ಬಿಡಲಿಲ್ಲ. ನನ್ನ ತಂಗಿಯ ಮದುವೆಯಲ್ಲಿ ಬೀಗರು ಸಾಲು ಮುರಿದು ಉಪ್ಪಿಟ್ಟಿಗೆ ನುಗ್ಗಿದರು. ಅತ್ತಿ ಊದಿಯೇಬಿಟ್ಟಳು. ಸೀಟಿ ಕೇಳಿ ಬ್ಯಾಂಡಿನವರು ಬಾರಿಸಿದರು, ಬ್ಯಾಂಡ್ ಕೇಳಿ ಮಂದಿ ಅಕ್ಷತೆ ಎಸೆದರು. ವರ ಇನ್ನೂ ಬಚ್ಚಲಲ್ಲಿದ್ದ!

ಇಂಥವಳು ಮನೆಯಲ್ಲಿ ಸುಮ್ಮನೆ ಕೂತಾಳೆಯೇ? ಬೀದರ್, ಭಾಲ್ಕಿ, ಔರಾದ್, ಕಮಲನಗರದ ನಡುವಯಸ್ಸಿನ ಗಂಡಸರನ್ನು ಕೂಡಿಸಿ ಬೀದಿ ಹಾಕಿಯ ಲೀಗ್ ಶುರುಮಾಡಿದಳು. ಟೆನಿಸ್ ಚೆಂಡು, ಡಾಂಬರು ರಸ್ತೆ, ಒಂದೊಂದು ಕಡೆ ಆರಾರು ಮಂದಿ. ಕೆಲವರ ಕೈಯಲ್ಲಿ ನಿಜವಾದ ಸ್ಟಿಕ್, ಉಳಿದವರ ಕೈಯಲ್ಲಿ ಬಗ್ಗಿದ ಜಾಲಿ ಟೊಂಗೆ. ಟೇಲರು, ಬ್ಯಾಂಕಿನ ಗುಮಾಸ್ತ, ಗೌಂಡಿ, ವೆಲ್ಡರ್, ಕಿರಾಣಿ ಅಂಗಡಿಯವ, ಎಲ್ಲರೂ ಹೊಟ್ಟೆ ಕುಣಿಸುತ್ತ ಓಡುವುದನ್ನು ನೋಡಲು ಭಾನುವಾರ ಜನ ಸೇರುತ್ತಿದ್ದರು. ಅತ್ತಿ ಮಾತ್ರ ಅದನ್ನು ಒಲಿಂಪಿಕ್ಸ್ ಎಂದೇ ತಿಳಿದಿದ್ದಳು. ನಿಯಮಗಳನ್ನೆಲ್ಲ ತಾನೇ ಮಾಡಿದವಳು. ಗೋಲು ಕಾಯುವ, ಲುಂಗಿ ಉಟ್ಟ ಗೋಲಿಯೊಬ್ಬ ಬಂದ ಚೆಂಡನ್ನೆಲ್ಲ ಲುಂಗಿಯಲ್ಲೇ ಅಡಗಿಸುತ್ತಾನೆಂದು ಗೊತ್ತಾದ ದಿನ, ಗೋಲಿಯ ಬಟ್ಟೆಯಲ್ಲಿ ಚೆಂಡು ಸಿಕ್ಕಿದರೆ ಪೆನಾಲ್ಟಿ ಎಂದು ಅಲ್ಲೇ ಹೊಸ ನಿಯಮ ಹುಟ್ಟಿತು.

ಆಮೇಲೆ ಬರಗಾಲ ಬಂತು. ಒಂದು ವರ್ಷ ಬಂದು ಹೋಗುವ ಬರ ಅಲ್ಲ, ಬಿಡಾರ ಹೂಡಿದ ಬರ. ಆಟದ ನಡುವೆ ನೀರಿನ ಟ್ಯಾಂಕರ್ ನುಗ್ಗಿದಾಗ ಅತ್ತಿ ಅದಕ್ಕೂ ಹಳದಿ ಕಾರ್ಡು ತೋರಿಸಿದಳು. ಡ್ರೈವರ್ ಹಾಗೇ ತಿರುಗಿಸಿಕೊಂಡು ಹೊರಟ. ಕೊಡ ಹಿಡಿದ ಹೆಂಗಸರು ಅತ್ತಿಗೆ ಅಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ಅಂದಿನಿಂದ ಟ್ಯಾಂಕರ್ ಬಂದರೆ ಹಾಫ್ ಟೈಮ್.

ಲೀಗ್ ಕರಗತೊಡಗಿತು. ನೀರೇ ಇಲ್ಲದಾಗ ಯಾರು ಮನೆ ಕಟ್ಟಿಸುತ್ತಾರೆ? ಸಿಮೆಂಟ್ ಕಲಸುವುದು ಯಾತರಿಂದ? ಗೌಂಡಿಗಳು ಒಬ್ಬೊಬ್ಬರಾಗಿ ಹೈದರಾಬಾದಿಗೆ ಹೋದರು, ವೆಲ್ಡರ್ ಪುಣೆಗೆ ಹೋದ. ಕಮಲನಗರದ ತಂಡವಂತೂ ಒಂದು ಭಾನುವಾರ ಬರಲೇ ಇಲ್ಲ. ಇಡೀ ತಂಡ ಮುಂಬೈ ಸೇರಿತ್ತು. ಆ ವರ್ಷ ಫೈನಲ್‌ಗೆ ಯಾರು ಬರುತ್ತಾರೆ ಎಂಬುದನ್ನು ತೀರ್ಮಾನಿಸಿದ್ದು ಗೆಲುವು ಸೋಲು ಅಲ್ಲ ಬಿಡಿ, ಊರಲ್ಲಿ ಉಳಿದವರು ಯಾರು ಎಂಬುದು.

ಉಳಿದದ್ದು ಭಾಲ್ಕಿ ಮತ್ತು ಔರಾದ್. ಫೈನಲ್ ಬೀದರಿನಲ್ಲಿ, ನೌಬಾದ್ ಕಡೆಯ ಖಾಲಿ ಲೇಔಟಿನ ರಸ್ತೆಯ ಮೇಲೆ. ಭಾಲ್ಕಿಯವರು ಇಸ್ತ್ರಿ ಹಾಕಿದ ಬನಿಯನ್‌ನಲ್ಲಿ ಬಂದರು. ಬೀದರಿನ ತಂಡ ಚದುರಿದ ಮೇಲೆ ನಾನೂ ಅವರ ತಂಡದವನೇ, ಹೆಚ್ಚುವರಿ ಆಟಗಾರ. ಅಂದರೆ ಚಪ್ಪಲಿ ಕಾಯುವವ. ಔರಾದಿನವರು ಬಂದದ್ದು ಮಾತ್ರ ಬೇರೆ ರೀತಿ: ಒಂದು ಕೈಯಲ್ಲಿ ಸ್ಟಿಕ್, ತಲೆಯ ಮೇಲೆ ಗಂಟು, ಗಂಟಿನಿಂದ ಇಣುಕುವ ತವಾ. ಆಟ ಮುಗಿಸಿ ಅಲ್ಲಿಂದಲೇ ಹೈದರಾಬಾದ್ ಬಸ್ಸು ಹತ್ತುವವರು. ಬಂದವರು ಐದೇ ಜನ. ಅವರ ಗೋಲಿಯನ್ನು, ಕೂಲಿಗೆ ಜನ ಒಯ್ಯುವ ಮೇಸ್ತ್ರಿ ಮುಂಚೆಯೇ ಕರೆದೊಯ್ದಿದ್ದ.

ಅತಿಥಿಯಾಗಿ ಬಂದ ಪುಢಾರಿಯೊಬ್ಬರು ಗಂಟುಗಳನ್ನು ನೋಡಿ, "ಏನು, ಟ್ರಿಪ್ ಹೊಂಟೀರೇನು?" ಅಂತ ಕೇಳಿದರು. ಔರಾದ್ ನಾಯಕ, ಅತ್ತಿಯ ಹಳೆಯ ವಿದ್ಯಾರ್ಥಿಯಾದ ಗೌಂಡಿ, ಹೌದ್ರಿ ಸಾಹೇಬ್ರ ಅಂದು ಎರಡು ಗಂಟುಗಳನ್ನು ರಸ್ತೆಯ ಮೇಲಿಟ್ಟು ಗೋಲು ಕಂಬ ಮಾಡಿದ.

ಭಾಲ್ಕಿಯ ಬ್ಯಾಂಕ್ ಗುಮಾಸ್ತ ಲೆಕ್ಕದಲ್ಲಿ ಗಟ್ಟಿ. ಒಬ್ಬ ಕಡಿಮೆ ಇದ್ದರೂ ಸೋತಂತೆ, ನಿಯಮ ಟೀಚರದ್ದೇ ಅಲ್ಲವೇ, ಗೆದ್ದ ಕಪ್ಪು ನಮಗೆ ಕೊಡಿಸಿ ಎಂದು ಕೇಳಿದ. ಅತ್ತಿ ಔರಾದಿನವರ ಕಡೆ ತಿರುಗಿ ಐದೂ ತಲೆ ಎಣಿಸಿದಳು.

"ರೂಲಿನ್ಯಾಗ ಆರು ಮಂದಿ ಅಂತ ಅದ," ಅಂದಳು. "ಆರು ಗಂಡಸ್ರು ಅಂತ ಎಲ್ಲಿ ಅದ?"

ಸೀಟಿ ತೆಗೆದು ನನ್ನ ಕೊರಳಿಗೆ ಹಾಕಿದಳು. ಆಟ ಬರದವನೇ ಅಂಪೈರ್ ಆಗಬೇಕು, ಅದು ಲೋಕರೂಢಿ! ಸೆರಗು ಸೊಂಟಕ್ಕೆ ಬಿಗಿದು ಔರಾದ್ ಗೋಲಿಗೆ ಹೋಗಿ ನಿಂತಳು.

ಅಂಥ ಆಟವನ್ನು ನಾನು ಮತ್ತೆ ನೋಡಿಲ್ಲ. ಭಾಲ್ಕಿಯವರಿಗೆ ಮುದುಕಿಯ ಮೇಲೆ ಹೊಡೆಯಲು ಮುಜುಗರ, ಮುದುಕಿಗೆ ಅದರಿಂದ ಸಿಟ್ಟು. ಮೆತ್ತಗೆ ಬಂದ ಚೆಂಡನ್ನು ಕಾಲಿನಿಂದ ಒದ್ದು, ಭಾಲ್ಕಿಯ ಟೇಲರನಿಗೆ ಅನ್ನ ಉಂಡಿಲ್ಲೇನು ಎಂದು ಬೈದಳು. ಗೋಲಿನಲ್ಲಿ ನಿಂತೇ ನನ್ನ ಅಂಪೈರಿಂಗಿನ ತಪ್ಪು ಎತ್ತಿ ಆಡಿದಳು. ಎರಡೂ ಕಡೆ ಒಂದೊಂದು ಗೋಲು. ಸ್ವಲ್ಪ ಹೊತ್ತು ಎಲ್ಲರೂ ಬಿಸಿಲು, ಬಸ್ಸು, ಮೇಸ್ತ್ರಿ ಎಲ್ಲ ಮರೆತಿದ್ದರು. ಗೌಂಡಿ ನಗುತ್ತ ಓಡುತ್ತಿದ್ದ.

ಮುಗಿಯಲು ಇನ್ನೇನು ಬಂತು ಅನ್ನುವಾಗ ಟೇಲರ್ ಜೋರಾಗಿ ಹೊಡೆದ. ಅತ್ತಿ ಅಡ್ಡ ಬಂದಳು. ಚೆಂಡು ಮಾಯ! ಒಣಗಿದ ಚರಂಡಿ ನೋಡಿದೆವು, ಅತಿಥಿಯ ಕುರ್ಚಿಯ ಕೆಳಗೆ ನೋಡಿದೆವು. ಸಿಗಲಿಲ್ಲ. ಬೇರೆ ಚೆಂಡು ತಂದು ನಡುವಿನಿಂದ ಶುರುಮಾಡಿ ಅಂದೆ ನಾನು. ಅತ್ತಿ ಮಾತ್ರ ಸೀರೆಯ ನೆರಿಗೆಯ ಮೇಲೆ ಕೈಯಿಟ್ಟು ನಿಂತೇ ಇದ್ದಳು. ಹತ್ತಿರವಿದ್ದ ಗೌಂಡಿಗೆ ಗೊತ್ತಾಯಿತು.

"ಟೀಚರ್, ಹಿಂದಕ್ಕ ಒಗದ್ ಬಿಡ್ರಿ," ಅಂದ ಮೆಲ್ಲಗೆ. "ಯಾರೂ ನೋಡಿಲ್ರಿ."

ಅತ್ತಿ ಅವನ ಮುಖ ನೋಡಿದಳು. ನೆರಿಗೆಯೊಳಗಿಂದ ಚೆಂಡು ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

"ಅಂಪೈರ್, ಪೆನಾಲ್ಟಿ ಊದು."

ಊದಿದೆ. ಟೇಲರ್ ಒಲ್ಲದ ಮನಸ್ಸಿನಿಂದ ಹೊಡೆದ. ಅತ್ತಿ ಮೈಚಾಚಿ ಬಿದ್ದಳು, ಮೊಣಕೈ ತರಚಿತು, ಚೆಂಡು ಗಂಟುಗಳ ನಡುವೆ ಹಾದುಹೋಯಿತು. ಭಾಲ್ಕಿ ಗೆದ್ದಿತು. ಚಪ್ಪಾಳೆ ತಟ್ಟಿದವರು ಅತಿಥಿ ಒಬ್ಬರೇ. ತಟ್ಟಿ, ಬಾಟಲಿ ನೀರು ಕುಡಿದು, ಕ್ರೀಡಾ ಮನೋಭಾವದ ಬಗ್ಗೆ ನಾಲ್ಕು ಮಾತಾಡಿ ಕಾರು ಹತ್ತಿದರು. ಕಪ್ಪನ್ನು ಎತ್ತಿ ಫೋಟೋ ತೆಗೆಸಿಕೊಳ್ಳಲು ಆ ಗುಮಾಸ್ತನೂ ಮುಂದೆ ಬರಲಿಲ್ಲ.

ನಾನು ಸ್ಕೂಟರಿನ ಮೇಲೆ ಅತ್ತಿಯನ್ನು ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋದೆ. ಹೈದರಾಬಾದ್ ಬಸ್ಸು ಹೊರಡುವುದರಲ್ಲಿತ್ತು. ಅತ್ತಿ ಕಿಟಕಿಯ ಕೆಳಗೆ ನಿಂತು, ಅಲ್ಲಿ ಎಲ್ಲಿ ಮಲಗುತ್ತೀರಿ, ಯಾರು ಅಡಿಗೆ ಮಾಡುತ್ತಾರೆ ಎಂದು ಒಬ್ಬೊಬ್ಬರನ್ನೇ ವಿಚಾರಿಸಿದಳು. ಕೊನೆಗೆ ಗೌಂಡಿಯ ಕಡೆ ತಿರುಗಿ, "ನಿಮ್ಮನ್ನ ನಾನೇ ಸೋಲ್ಸ್ದೆ ನೋಡಪ್ಪ," ಅಂದಳು.

"ಇಲ್ರಿ ಟೀಚರ್," ಅಂದ ಅವನು. "ಇವತ್ತೊಂದಿನ ನಮ್ಮ ಕಡಿಂದ ಒಬ್ರು ನಿಂತಿದ್ರಲ್ರಿ."

ಬಸ್ಸು ಹೋಯಿತು. ಮನೆಗೆ ಬರುವಾಗ, ಗಾಂಧಿಗಂಜ್ ದಾಟುತ್ತಿದ್ದಂತೆ, ಅತ್ತಿ ನನ್ನ ಬೆನ್ನಿಗೆ ಹಣೆ ಆನಿಸಿದಳು. ಅಂಗಿ ಒದ್ದೆಯಾಗತೊಡಗಿತು. ನಾನು ಗಾಡಿ ಮನೆಯ ಕಡೆ ತಿರುಗಿಸಲಿಲ್ಲ. ಕೋಟೆಯ ರಸ್ತೆ ಹಿಡಿದು, ಆಕೆ ತಲೆ ಎತ್ತುವವರೆಗೂ ಸುಮ್ಮನೆ ಓಡಿಸುತ್ತ ಹೋದೆ.