ನಾನು ಕೆಡಿಸಿದ ಸಾವು

ತಪ್ಪು ನನ್ನದೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ಬೇರೆ ಯಾರಾದರೂ ಅದನ್ನು ಕಂಡುಹಿಡಿದರೆ ಹೆಸರು ಅವರಿಗೆ ಹೋಗುತ್ತದೆ, ಅದನ್ನು ನನಗೆ ಸಹಿಸಲಾಗುವುದಿಲ್ಲ. ವರ್ಷಕ್ಕೊಮ್ಮೆ ಧಾರವಾಡದ ಜನರ ಮುಂದೆ ಅಚ್ಚುಕಟ್ಟಾಗಿ ವಿಷ ಕುಡಿದು ಸಾಯುತ್ತಿದ್ದ ಒಬ್ಬ ಮರ್ಯಾದಸ್ಥ ರಾಜ, ಈ ಸಲ ಸರಿಯಾಗಿ ಸಾಯಲಾಗದೆ ಹೋದದ್ದು ನನ್ನ ಎರಡೇ ಎರಡು ಮಾತುಗಳಿಂದ. ಇದಕ್ಕೆ ನನ್ನ ಸ್ವಭಾವ ಕಾರಣವೋ, ರಾಜನ ಹಣೆಬರಹ ಕಾರಣವೋ ಎಂಬುದು ನನಗೆ ಆವತ್ತೂ ತಿಳಿಯಲಿಲ್ಲ, ಈವತ್ತೂ ತಿಳಿದಿಲ್ಲ. ತಿಳಿಯದ್ದನ್ನು ಬರೆಯಬಾರದು ಎಂದು ಬಲ್ಲವರು ಹೇಳುತ್ತಾರೆ. ಆದರೆ ತಿಳಿದದ್ದನ್ನು ಮಾತ್ರ ಬರೆಯುವುದಾದರೆ ನನ್ನ ಬರವಣಿಗೆ ನನ್ನ ಹೆಸರು ಬರೆಯುವಲ್ಲಿಗೇ ಮುಗಿಯುತ್ತದೆ.

ಮೊದಲು ನನ್ನ ಕಸುಬು ಹೇಳಬೇಕು. ಕೇಶ್ವಾಪುರದ ಸೀರೆ ಅಂಗಡಿಗಳ ಜಾಹೀರಾತನ್ನು ಮೈಕು ಕಟ್ಟಿಕೊಂಡು ಕೂಗುತ್ತ ಹೋಗುವ ಆಟೋ ನೋಡಿದ್ದೀರಲ್ಲ, ಅದರೊಳಗಿನ ದನಿ ನಾನು. ‘ಬರ್ರಿ ಅಕ್ಕಾರ, ಬರ್ರಿ ವೈನಿ’ ಎನ್ನುವ ಗಂಡಸೂ ನಾನೇ, ‘ಅಯ್ಯ, ಇಷ್ಟು ಸೋವಿನ?’ ಎಂದು ಬೆರಗಾಗುವ ಹೆಂಗಸೂ ನಾನೇ. ಚಿಕ್ಕಂದಿನಿಂದಲೂ ಯಾರ ದನಿ ಕೇಳಿದರೂ ಅದು ನನ್ನ ಗಂಟಲಿಗೆ ಬಂದು ಬಾಡಿಗೆಗೆ ಕೂರುತ್ತದೆ. ಸಾಲೆಯಲ್ಲಿ ಹೆಡ್‌ಮಾಸ್ತರರ ದನಿಯಲ್ಲಿ ರಜೆ ಘೋಷಿಸಿ ಒಂದು ತರಗತಿಯನ್ನೇ ಮನೆಗೆ ಕಳಿಸಿದ್ದೆ. ಮರುದಿನ ಅವರ ದನಿಯ ಜೊತೆಗೆ ಅವರ ಬೆತ್ತವನ್ನೂ ಹತ್ತಿರದಿಂದ ಕೇಳಿದೆ. ಇಷ್ಟೆಲ್ಲ ದನಿಗಳ ನಡುವೆ ನನ್ನದೇ ದನಿ ಯಾವುದೆಂದು ಯಾರಾದರೂ ಕೇಳಿದರೆ ಮಾತ್ರ ಸ್ವಲ್ಪ ಗಲಿಬಿಲಿಯಾಗುತ್ತದೆ. ಫೋನ್ ಎತ್ತಿ ‘ನಾನು’ ಎಂದರೆ ನಮ್ಮವ್ವ ‘ಯಾರು ನಾನು?’ ಎನ್ನುತ್ತಾಳೆ.

ನಾನಿರುವುದು ಧಾರವಾಡದಲ್ಲಿ, ಈರಣ್ಣ ಕಾಕಾನ ಮನೆಯಲ್ಲಿ. ಕಾಕಾ ಹೈಸ್ಕೂಲು ಮಾಸ್ತರರಾಗಿ ನಿವೃತ್ತರಾದವರು. ಅವರೇ ಬರೆದ ಒಂದು ದುರಂತ ನಾಟಕವಿದೆ. ಅದರ ರಾಜ ಶೂರ, ದಾನಿ, ರೂಪವಂತ. ಅವನಲ್ಲಿ ಒಂದೇ ಒಂದು ದೋಷ: ಯಾರ ಮಾತನ್ನೂ ಪೂರ್ತಿ ಕೇಳುವುದಿಲ್ಲ. ರಾಣಿಯ ಮೇಲೆ ಮಂತ್ರಿ ಸುಳ್ಳು ಅಪವಾದ ಹೊರಿಸುತ್ತಾನೆ. ನಿಜ ಹೇಳಲು ದೂತ ಓಡಿಬಂದು ‘ಮಹಾಪ್ರಭು, ರಾಣಿಯವರು...’ ಎನ್ನುವಷ್ಟರಲ್ಲಿ ರಾಜ ಕೈಯೆತ್ತಿ ‘ಸಾಕು!’ ಎಂದು ಗುಡುಗುತ್ತಾನೆ. ಆ ಒಂದು ಮಾತಿನಿಂದ ರಾಣಿ ಸಾಯುತ್ತಾಳೆ, ಆಮೇಲೆ ನಿಜ ತಿಳಿದು ರಾಜ ವಿಷ ಕುಡಿಯುತ್ತಾನೆ. ರಾಜನ ಪಾತ್ರ ಕಾಕಾನದೇ. ಅದಕ್ಕೆ ಅವರು ಅಭ್ಯಾಸ ಮಾಡಬೇಕಾದ ಅಗತ್ಯವೇ ಇರಲಿಲ್ಲ ಎಂದು ಅವರ ಹೆಂಡತಿ ನೀಲಾ ಕಾಕು ಹೇಳುತ್ತಾಳೆ. ‘ಏನಂದ್ರಿ, ಗ್ಯಾಸ್ ಸಿಲಿಂಡರ್...’ ಎಂದರೆ ‘ಸಾಕು’. ‘ನಮ್ಮಕ್ಕನ ಮಗಳಿಗೆ...’ ಎಂದರೆ ‘ಸಾಕು’. ಮದುವೆಯಾದಂದಿನಿಂದ ಕಾಕುವಿನ ಒಂದು ಮಾತೂ ಪೂರ್ಣವಿರಾಮದವರೆಗೆ ತಲುಪಿದ್ದಿಲ್ಲ.

ಕಾಕುವಿನ ಸಮಾಧಾನವೆಂದರೆ ಸಂಜೆಯ ಧಾರಾವಾಹಿ. ಅಲ್ಲಿಯೂ ಅದೇ ಕಥೆ. ಯಾರೋ ನಿಜ ಹೇಳಲು ಬಾಯಿ ತೆರೆಯುತ್ತಾರೆ, ಅಷ್ಟರಲ್ಲಿ ಕರೆಂಟು ಹೋಗುತ್ತದೆ, ಇಲ್ಲವೇ ಹೇಳುವವಳು ಮೆಟ್ಟಿಲಿಂದ ಉರುಳಿ ನೆನಪು ಕಳೆದುಕೊಳ್ಳುತ್ತಾಳೆ. ಆಗ ಕಾಕು ಟಿವಿಗೇ ಕೈ ತೋರಿಸಿ ಜಗಳಾಡುತ್ತಾಳೆ: ‘ಆಕಿ ಹೇಳಾಕತ್ತಾಳಲ್ಲೋ ಖೋಡಿ, ಪೂರ್ತಿ ಕೇಳಿದ್ರ ನಿನ್ನ ಗಂಟು ಹೋಗತಿತ್ತೇನು?’

‘ಇದಕ್ಕ ಕಥಿ ಅಂತಾರೇನು?’ ಎಂದು ಕಾಕಾ ಗೊಣಗುತ್ತಾರೆ. ‘ಕಾಲು ಜಾರತು, ನೆನಪು ಹೋತು, ಸತ್ತಾಕಿ ತಿರುಗಿ ಬಂದ್ಲು. ಬರೇ ಹಣೇಬರಾ! ದುರಂತ ಅಂದ್ರ ಮನಷ್ಯಾನ ಸ್ವಭಾವದಿಂದ ಹುಟ್ಟಬೇಕು.’

‘ನಿಮ್ಮ ರಾಜಾಗ ಆ ಸ್ವಭಾವ ಕೊಟ್ಟಾಂವ ಯಾರ್ರಿ? ಅದನ್ನೂ ಮ್ಯಾಲಿನಾಂವ ಬರದಿರಬೇಕಲ್ಲ?’

‘ಬರದಾಂವ ನಾನ!’

ನಡುವೆ ಕೂತ ನಾನು ಕಾಕಾನ ದನಿಯಲ್ಲಿ ಒಮ್ಮೆ ‘ಸ್ವಭಾವ’ ಎನ್ನುತ್ತಿದ್ದೆ, ಕಾಕುವಿನ ದನಿಯಲ್ಲಿ ಒಮ್ಮೆ ‘ಹಣೇಬರಾ’ ಎನ್ನುತ್ತಿದ್ದೆ. ಇಬ್ಬರಿಗೂ ನನಗೆ ಚಹಾ ಕೊಡುವ ನೆನಪಾಗುತ್ತಿತ್ತು. ಎರಡೂ ಪಕ್ಷದಲ್ಲಿದ್ದರೆ ಎರಡು ಕಪ್ಪು ಚಹಾ ಸಿಗುತ್ತದೆ ಎನ್ನುವುದನ್ನು ಬಿಟ್ಟರೆ ಆ ವಾದದಿಂದ ನಾನು ಕಲಿತದ್ದು ಏನೂ ಇಲ್ಲ.

ಈ ಸಲದ್ದು ತಮ್ಮ ಕಡೆಯ ರಾಜ ಎಂದು ಕಾಕಾ ಸಾರಿಬಿಟ್ಟಿದ್ದರು. ಹಳೆಯ ವಿದ್ಯಾರ್ಥಿಗಳು ಎಲ್ಲೆಲ್ಲಿಂದಲೋ ಬರುವವರಿದ್ದರು. ಒಂದು ಸಲ, ಕಡೆಯ ಸಲ, ಎಲ್ಲರ ಕಣ್ಣು ಒದ್ದೆಯಾಗುವ ಹಾಗೆ ಸತ್ತು, ಕಿರೀಟ ಕೆಳಗಿಡಬೇಕು ಎಂಬುದು ಅವರ ಆಸೆ. ಆ ಹುಮ್ಮಸ್ಸಿನಲ್ಲಿ ತಾಲೀಮಿನಲ್ಲಿ ಗುಡುಗಿದರು ನೋಡಿ, ಗಂಟಲು ಪೂರ್ತಿ ಕೂತುಬಿಟ್ಟಿತು. ಪಿಸುಮಾತು ಕೂಡ ಆಡಕೂಡದು ಎಂದರು ಡಾಕ್ಟರು. ನಾಟಕ ಮುಂದೆ ಹಾಕೋಣ ಎಂದರೆ ಕಾಕಾ ತಲೆಯಾಡಿಸಲಿಲ್ಲ. ಬೇರೆಯವರಿಗೆ ಪಾತ್ರ ಕೊಡೋಣ ಎಂದಾಗ ನೋಡಿದ ನೋಟಕ್ಕೆ ಮಾತಿನ ಅಗತ್ಯವೇ ಇರಲಿಲ್ಲ. ಕೊನೆಗೆ ಬೆರಳು ನನ್ನತ್ತ ತಿರುಗಿತು. ರಂಗದ ಮೇಲೆ ಕಾಕಾ ತುಟಿಯಾಡಿಸುವುದು, ಪಕ್ಕದ ಪರದೆಯ ಹಿಂದೆ ಮೈಕು ಹಿಡಿದು ಅವರ ದನಿಯಲ್ಲಿ ನಾನು ಮಾತಾಡುವುದು. ಸೀರೆ ಮಾರುವವನಿಗೆ ರಾಜ್ಯ ಸಿಕ್ಕ ಹಾಗಾಯಿತು.

ಆ ವಾರವೆಲ್ಲ ನಾನು ಮನೆಯಲ್ಲಿ ಕಾಕಾನ ದನಿಯಲ್ಲೇ ಓಡಾಡಿದೆ. ಅಡುಗೆಮನೆಗೆ ಹೋಗಿ ‘ಯಾರಲ್ಲಿ!’ ಎಂದರೆ ರೊಟ್ಟಿ ಬರುತ್ತಿತ್ತು. ಒಂದು ದಿನ ಕಾಕು ರೊಟ್ಟಿ ಬಡಿಯುತ್ತ, ನನ್ನ ಮುಖ ನೋಡದೆ ಕೇಳಿದಳು:

‘ಲೇ, ಅವರ ದನಿಯಾಗ ಒಮ್ಮೆ “ಮುಂದ ಹೇಳು” ಅನ್ನು ನೋಡೋಣ.’

‘ಅದು ನಾಟಕದಾಗ ಇಲ್ಲಲ್ಲ ಕಾಕು.’

‘ಮನ್ಯಾಗೂ ಇಲ್ಲ. ಅದಕ್ಕ ಕೇಳಾಕತ್ತೇನಿ.’

ನಾನು ಗಂಟಲು ಸರಿಮಾಡಿಕೊಂಡು, ಕಾಕಾನ ದನಿಯಲ್ಲಿ ‘ಹಾಂ, ಮುಂದ ಹೇಳು’ ಎಂದೆ. ಕಾಕುವಿನ ಕೈ ರೊಟ್ಟಿಯ ಮೇಲೆ ಹಾಗೇ ನಿಂತಿತು. ಆಮೇಲೆ ಅವಳು ಅಕ್ಕನ ಮಗಳ ಕಥೆಯನ್ನು ಶುರುಮಾಡಿದಳು. ನಡುನಡುವೆ ನಾನು ‘ಮುಂದ ಹೇಳು’ ಎನ್ನುತ್ತ ಹೋದೆ, ಅವಳು ಹೇಳುತ್ತ ಹೋದಳು, ರೊಟ್ಟಿಯ ಜೊತೆ ಬೆಣ್ಣೆ ಬಂತು. ಮರುದಿನ ಸಿಲಿಂಡರಿನ ಕಥೆ, ಬೆಣ್ಣೆಯ ಜೊತೆ ಶೇಂಗಾ ಹಿಂಡಿ. ನನ್ನ ನಾಲಿಗೆಗೆ ಏನು ಅಭ್ಯಾಸವಾಗುತ್ತಿದೆ ಎಂಬ ಅರಿವು ನನ್ನ ಹೊಟ್ಟೆಗೆ ಇರಲಿಲ್ಲ.

ನಾಟಕದ ದಿನ ಸಭಾಗೃಹ ತುಂಬಿತ್ತು. ಮೊದಲೆರಡು ಅಂಕ ಸೊಗಸಾಗಿ ಹೋದವು. ಕಾಕಾ ತುಟಿಯಾಡಿಸಿದರು, ನಾನು ಗುಡುಗಿದೆ, ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಕಾಕು ಕೂತಿದ್ದಳು, ಪರದೆಯ ಸಂದಿಯಿಂದ ಕಾಣುತ್ತಿತ್ತು. ಆಗ ದೂತ ಓಡಿಬಂದ. ದೂತನ ಪಾತ್ರ ಚನ್ನಪ್ಪಣ್ಣನದು. ಅಮ್ಮಿನಬಾವಿಯಲ್ಲಿ ಹೊಲ ಮಾಡಿಕೊಂಡಿರುವ ಇವನು ಇಷ್ಟು ವರ್ಷವೂ ಅಲ್ಲಿಂದ ಬಂದು, ಬಣ್ಣ ಹಚ್ಚಿಕೊಂಡು, ಓಡಿ ಒಳಬಂದು, ಎರಡು ಮಾತಿಗೆ ಬೈಸಿಕೊಂಡು ಹೋಗಿದ್ದಾನೆ. ಅವನು ಮೊಣಕಾಲೂರಿ ‘ಮಹಾಪ್ರಭು, ರಾಣಿಯವರು...’ ಎಂದ. ಕಾಕಾ ಕೈಯೆತ್ತಿದರು. ಬಾಯಿ ತೆರೆದರು. ಮುಂದಿನ ಸಾಲಿನಲ್ಲಿ ಕಾಕು ಸೆರಗು ಹಿಡಿದು ಮುಂದಕ್ಕೆ ಬಾಗಿದಳು, ರೊಟ್ಟಿ ಬಡಿಯುವಾಗ ಬಾಗಿದ ಹಾಗೆಯೇ. ನನ್ನ ಬಾಯಿಂದ, ಕಾಕಾನ ದನಿಯಲ್ಲಿ, ಅಡುಗೆಮನೆಯ ಕನ್ನಡದಲ್ಲಿ, ಸಭಾಗೃಹದ ಮೂಲೆಮೂಲೆಗೂ ಕೇಳುವಂತೆ ಹೊರಟಿತು:

‘ಹಾಂ, ಮುಂದ ಹೇಳು.’

ಕಾಕಾನ ಕೈ ಮೇಲೇ ಉಳಿಯಿತು. ಚನ್ನಪ್ಪಣ್ಣ ರಾಜನನ್ನು ನೋಡಿದ, ಪರದೆಯನ್ನು ನೋಡಿದ, ಮತ್ತೆ ರಾಜನನ್ನು ನೋಡಿದ. ಅವನ ಬಳಿ ಮುಂದಿನ ಮಾತೇ ಇರಲಿಲ್ಲ. ಯಾರೂ ಬರೆದುಕೊಟ್ಟಿರಲಿಲ್ಲ. ಆದರೆ ಮುಖ ಮಾತ್ರ ನಿಧಾನವಾಗಿ ಅರಳಿತು. ಬರೆದುಕೊಟ್ಟಿಲ್ಲವೆಂದರೆ ತಡೆಯುವವರೂ ಇಲ್ಲ.

‘ರಾಣಿಯವರು ನಿರ್ದೋಷಿಗಳು ಪ್ರಭು! ಎಲ್ಲಾ ಆ ಮಂತ್ರೀದ ಕಿತಾಪತಿ. ನಾ ಕಣ್ಣಾರೆ ನೋಡೇನ್ರಿ,’ ಎಂದು ಎದ್ದೇ ನಿಂತ. ‘ಇನ್ನೊಂದು ಮಾತು ಪ್ರಭು. ಇಷ್ಟು ವರ್ಷ ಓಡಿ ಓಡಿ ಬಂದೇನಿ, ಒಂದು ಸಲರೆ ಕುಂದರು ಅಂದೀರೇನು? ನಿಮ್ಮ ರಾಜ್ಯದಾಗ ಈ ಸಲ ಹೆಸರಿನ ಬೆಳಿ ಛಲೋ ಬಂದೈತಿ, ಅದನ್ನರೆ ಕೇಳಿದ್ರೇನು?’

ಜನ ಎದ್ದು ನಿಂತು ಸಿಳ್ಳೆ ಹಾಕಿದರು. ನಾನು ಮೈಕಿನಲ್ಲಿ ‘ಸಾಕು’ ಎಂದೆ, ಯಾರಿಗೂ ಕೇಳಲಿಲ್ಲ. ಈಗ ರಾಣಿ ಸಾಯುವಂತಿಲ್ಲ, ರಾಣಿ ಸಾಯದೆ ರಾಜ ಸಾಯುವಂತಿಲ್ಲ. ಆದರೆ ಕಾಕಾ ಸಾಯಲೆಂದೇ ಬಂದವರು. ಕೋಕಮ್ ಶರಬತ್ತು ತುಂಬಿಟ್ಟಿದ್ದ ವಿಷದ ಬಟ್ಟಲನ್ನು ಎತ್ತಿ ಗಟಗಟ ಕುಡಿದೇಬಿಟ್ಟರು.

‘ಅಯ್ಯ, ಯಾಕ ಕುಡೀತೀರಿ? ಆಕಿ ಬದುಕ್ಯಾಳಲ್ರಿ!’ ಎಂದು ಹೆಂಗಸರ ಸಾಲಿನಿಂದ ಯಾರೋ ಕೂಗಿದರು.

ಕಾಕಾ ತತ್ತರಿಸಿದರು, ಎದೆ ಹಿಡಿದುಕೊಂಡರು, ಬಹಳ ಚೆನ್ನಾಗಿ ಬಿದ್ದರು. ಯಾರೂ ಅಳಲಿಲ್ಲ. ಪರದೆ ಬಿದ್ದರೂ ಒಬ್ಬರೂ ಏಳಲಿಲ್ಲ. ‘ತಡೀ, ಎದ್ದು ಬರ್ತಾನ,’ ಎಂದು ಒಬ್ಬಳು ಪಕ್ಕದವಳಿಗೆ ಹೇಳುತ್ತಿದ್ದಳು. ‘ಮೊನ್ನೆ ಸೀರಿಯಲ್‌ನಾಗ ಸುಟ್ಟು ಬೂದಿ ಆದಾಕಿನ ಬಂದ್ಲು.’ ಆಮೇಲೆ ಹಳೆಯ ವಿದ್ಯಾರ್ಥಿಗಳು ಒಳಗೆ ಬಂದು ಕಾಕಾನ ಕಾಲು ಮುಟ್ಟಿ, ‘ಸರ್, ನೀವು ಒಬ್ಬರ ಮಾತು ಕಡೀತನಾ ಕೇಳಿದ್ದು ಇವತ್ತ ನೋಡಿದ್ವಿ,’ ಎಂದು ಕಣ್ಣೊರೆಸಿಕೊಂಡರು. ಅದು ನಕ್ಕು ಬಂದ ನೀರು. ಕಾಕಾ ಕಿರೀಟವನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಆಗ ಮಾತ್ರ ನನಗೆ ನಗು ಬರಲಿಲ್ಲ.

ಅಂದಿನಿಂದ ಕಾಕಾ ನನ್ನ ಕಡೆ ನೋಡುವುದನ್ನೇ ಬಿಟ್ಟರು. ಡಾಕ್ಟರು ವಿಧಿಸಿದ ಮೌನ ಇನ್ನೂ ನಡೆದಿತ್ತು. ಆ ಮೌನದಲ್ಲಿ ಕಾಕು ಮಾತ್ರ ಅವರ ಎದುರು ಕುರ್ಚಿ ಹಾಕಿಕೊಂಡು, ಮದುವೆಯ ಹೊಸತರಲ್ಲಿ ನಿಂತುಹೋಗಿದ್ದ ಮಾತುಗಳಿಂದ ಹಿಡಿದು ಒಂದೊಂದನ್ನೇ ಮುಗಿಸತೊಡಗಿದಳು. ಅವರು ಕೇಳುತ್ತ ಕೂತಿರುತ್ತಿದ್ದರು. ಒಮ್ಮೊಮ್ಮೆ ಹುಬ್ಬು ಕೂಡ ಏರಿಸುತ್ತಿದ್ದರು. ನನಗೆ ಮತ್ತೆ ಗೊಂದಲ. ಗಂಟಲು ಕೂತರೆ ಸ್ವಭಾವ ಬದಲಾಗುತ್ತದೆಯೆ? ಹಾಗಾದರೆ ರಾಜನಿಗೆ ಬೇಕಿದ್ದದ್ದು ಒಂದು ನೆಗಡಿ ಮಾತ್ರವೆ?

ಒಂದು ಮುಂಜಾನೆ ಮೂವರೂ ಚಹಾ ಕುಡಿಯುತ್ತಿದ್ದೆವು. ಕಾಕು ಕಮರಿಪೇಟೆಯ ತಂಗಿಯ ಮನೆಯ ಕಥೆ ಹೇಳುತ್ತಿದ್ದಳು: ‘ಆವಾಗ ನಾ ಆಕಿಗೆ ಏನಂದೆ ಅಂದ್ರ...’

ಕಾಕಾ ಕೈಯೆತ್ತಿದರು. ‘ಸಾಕು!’

ದನಿ ಬಂದಿತ್ತು. ಸ್ವಲ್ಪ ಒಡೆದಿತ್ತು, ಆದರೆ ರಾಜನದೇ. ಅವರು ನನ್ನತ್ತ ತಿರುಗಿ, ಇಷ್ಟು ದಿನದ ಮೇಲೆ ಮೊದಲ ಸಲ ಮಾತಾಡಿದರು: ‘ಕೇಳ್ಯೋ ಹುಡುಗಾ. ಮುಂದಿನ ವರ್ಷ ನಾ ಮತ್ತ ಸಾಯಾಂವ. ನೀ ಆ ಕಡೆ ಹಾಯಬ್ಯಾಡ.’ ಹೇಳಿ, ಎದ್ದು, ‘ಸಾಕು, ಸಾಕು’ ಎಂದು ದನಿ ಪರೀಕ್ಷಿಸುತ್ತ ಅಂಗಳಕ್ಕೆ ಹೋದರು. ಅಂತೂ ಕಡೆಯ ರಾಜನಿಗೆ ಇನ್ನೊಂದು ವರ್ಷ ಆಯುಷ್ಯ ಸಿಕ್ಕಿತ್ತು. ಅದು ನನ್ನಿಂದಲೇ ಎಂದು ಹೇಳಿಕೊಳ್ಳೋಣವೆಂದರೆ ಕೇಳುವವರು ಯಾರೂ ಇರಲಿಲ್ಲ.

ಕಾಕು ಅರ್ಧಕ್ಕೆ ನಿಂತ ಮಾತನ್ನು ಚಹಾದ ಜೊತೆ ನುಂಗಿದಳು. ನಾನು ಮೆಲ್ಲಗೆ ಕೇಳಿದೆ: ‘ಕಾಕು, ಈಗರೆ ಹೇಳು. ಇದು ಸ್ವಭಾವನೋ, ಹಣೇಬರಾನೋ?’

‘ಇದರಾಗ ತಿಳೀಲಾರದ್ದೇನೈತಿ? ಅವರದು ಸ್ವಭಾವ. ಅದ ನನ್ನ ಹಣೇಬರಾ.’

‘ಹಂಗಾರ ನಡುವ ನಾ ಯಾರು?’

ಕಾಕು ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತ ಹೇಳಿದಳು:

‘ನೀನಾ? ನೀ ನಡುವ ಬರೋ ಅಡ್ವಟೈಸು.’